ಹತ್ತರಗಿ ಗೋದಾಮಿನ ಫೋನು

ಕಾದ ತುಪ್ಪಕ್ಕೆ ತಿನ್ನುವ ಅಂಟು ಬಿದ್ದಾಗ ಮೊದಲು ಏನೂ ಕೇಳಿಸುವುದಿಲ್ಲ. ಆಮೇಲೆ ಒಂದೊಂದೇ ಚಟ್, ಚಟ್. ಅದರ ಬೆನ್ನಿಗೇ ಇಡೀ ಕಡಾಯಿ ಪಟಪಟನೆ ಮಾತಾಡತೊಡಗುತ್ತದೆ, ಗಾಜಿನ ಚೂರಿನಂತಿದ್ದ ಹರಳುಗಳು ಬೆಳ್ಳಗೆ ಅರಳಿ ಮೇಲೆ ಬರುತ್ತವೆ. ಗೋಕಾಕದ ಆ ಕರದಂಟಿನ ಕಾರ್ಖಾನೆಯಲ್ಲಿ ನನ್ನ ಟೇಬಲ್ ಭಟ್ಟಿಯ ಗೋಡೆಗೆ ಹತ್ತಿಕೊಂಡೇ ಇತ್ತು. ಫೈಲಿನಿಂದ ತಲೆ ಎತ್ತದೆಯೇ ಕೆಲಸ ನಡೆದಿದೆಯೋ ನಿಂತಿದೆಯೋ ಹೇಳುತ್ತಿದ್ದೆ. ಆ ವರ್ಷ, ದೀಪಾವಳಿ ಹತ್ತಿರ ಬರುತ್ತಿದ್ದ ಹಾಗೆ, ಆ ಸದ್ದು ಮತ್ತೆ ಮತ್ತೆ ನಿಲ್ಲತೊಡಗಿತು.

ಕಾರ್ಖಾನೆ ಎನ್ನುವುದು ದೊಡ್ಡ ಮಾತು. ಮೂರು ತಗಡಿನ ಶೆಡ್ಡು, ಒಂದು ಅಂಗಳ. ಮಾಲೀಕರು ಹಳೆಯ ಜೈನ ವ್ಯಾಪಾರಿ ಮನೆತನದವರು. ಎಲ್ಲರೂ ಅವರನ್ನು ಅಣ್ಣಾ ಎನ್ನುತ್ತಿದ್ದರು. ಬೆಲ್ಲ ಮೂಡಲಗಿಯ ಕಡೆಯಿಂದ ನೇರವಾಗಿ ಬರುತ್ತಿತ್ತು. ಅಂಟು, ಉತ್ತತ್ತಿ, ಗೋಡಂಬಿ ಹೊರಗಿನಿಂದ ಲಾರಿಯಲ್ಲಿ ಬಂದು ಹೈವೇ ಪಕ್ಕದ ಹತ್ತರಗಿಯಲ್ಲಿ ಇಳಿಯುತ್ತಿದ್ದವು. ಅಲ್ಲಿ ನಮ್ಮದೊಂದು ಗೋದಾಮಿತ್ತು. ದಿನಾ ಬೆಳಿಗ್ಗೆ ಟೆಂಪೋ ಅಲ್ಲಿಗೆ ಹೋಗಿ ಆ ದಿನದ ಮಾಲು ತರಬೇಕು. ಉತ್ಪಾದನೆಯ ಉಸ್ತುವಾರಿ ನನ್ನದು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಬೆಳೆದವಳು ನಾನು; ಎವೆರಿಥಿಂಗ್ ಇನ್ ಇಟ್ಸ್ ಪ್ಲೇಸ್ ಎಂಬುದು ನನಗೆ ಬೆಳಗಿನ ಪ್ರಾರ್ಥನೆಯ ಜೊತೆಯೇ ಬಂದದ್ದು. ಹಾಗಾಗಿ ಕೆಲಸದಲ್ಲಿ ಪೋಲು ತಗ್ಗಿಸುವುದನ್ನು ಕಲಿಸಲು ಅಣ್ಣಾ ಪುಣೆಯಿಂದ ಒಬ್ಬ ಟ್ರೇನರನ್ನು ಕರೆಸಿ "ಲೀನ್ ಮಾಡೋಣ್ರಿ" ಎಂದಾಗ ನನಗೆ ಖುಷಿಯೇ ಆಯಿತು.

ಮೊದಲ ದಿನ ಟ್ರೇನರು ಎಲ್ಲರನ್ನೂ ಅಂಗಳದಲ್ಲಿ ಕೂರಿಸಿದರು. ಅವರ ಹಿಂದಿಯನ್ನು ನಾನು ಕನ್ನಡಕ್ಕೆ ತಿರುಗಿಸುತ್ತಿದ್ದೆ.

"ಲೀನ್ ಅಂದ್ರ ಏನ್ರಿ ಬಾಯಾರ?" ಹಿಂದಿನ ಸಾಲಿನಿಂದ ಅಂಟಕ್ಕ ಕೇಳಿದಳು. "ದೇವರಾಗ ಲೀನ ಆಗೂದು ಏನು? ಅದಕ್ಕ ಇನ್ನೂ ಟೈಮ್ ಐತಿ ಬಿಡ್ರಿ ನಮಗ."

ಅಂಟಕ್ಕ ಆಕೆಯ ಹೆಸರಲ್ಲ. ಅಂಟು ಹುರಿಯುವ ಭಟ್ಟಿ ಆಕೆಯದು, ಅದಕ್ಕೇ ಆ ಹೆಸರು. ತುಕ್ಕಾನಟ್ಟಿಯಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದಳು. ಗಟ್ಟಿ ಧ್ವನಿ, ಅದಕ್ಕಿಂತ ಗಟ್ಟಿ ನಾಲಿಗೆ. ಟ್ರೇನರು ಮುಂದುವರಿದು, ಜಪಾನಿನವರು ವ್ಯರ್ಥ ಕೆಲಸಕ್ಕೆ 'ಮುಡಾ' ಎನ್ನುತ್ತಾರೆ, ನಿಮ್ಮಲ್ಲೂ ಎಲ್ಲೆಲ್ಲಿ ಮುಡಾ ಇದೆ ಹುಡುಕಬೇಕು ಎಂದರು.

"ಮೂಢರನ್ನ ಹುಡುಕೂದು ಸಸಾರ ಐತಿ," ಎಂದಳು ಅಂಟಕ್ಕ. "ಪ್ಯಾಕಿಂಗಿಂದ ಚಾಲೂ ಮಾಡ್ರಿ."

ಪ್ಯಾಕಿಂಗಿನ ಹೆಂಗಸರು ಆಕೆಯ ಮೇಲೆ ಪೇಪರಿನ ಉಂಡೆ ಎಸೆದರು. ಟ್ರೇನರಿಗೆ ನಾನು ಇದನ್ನು ಟ್ರಾನ್ಸ್‌ಲೇಟ್ ಮಾಡಲಿಲ್ಲ.

ಕೆಲಸ ಹೀಗೆ ನಡೆಯುತ್ತಿತ್ತು. ಒಂದು ಕಡೆ ಅಂಟು ಹುರಿದು ರಾಶಿ ಹಾಕುವುದು, ಇನ್ನೊಂದು ಕಡೆ ದೊಡ್ಡ ಕಡಾಯಿಯಲ್ಲಿ ಬೆಲ್ಲದ ಪಾಕ ಏರಿಸುವುದು, ಎರಡನ್ನೂ ಒಣಹಣ್ಣಿನ ಜೊತೆ ಕಲಸಿ ತಾಟಿಗೆ ಸುರಿದು ತಟ್ಟುವುದು, ಆರಿದ ಮೇಲೆ ಕತ್ತರಿಸುವುದು. ಪಾಕಕ್ಕೆ ಕಾಯುವ ಗುಣವಿಲ್ಲ. ಹದಕ್ಕೆ ಬಂದ ಗಳಿಗೆಯಲ್ಲಿ ಅಂಟು ಬೀಳಲೇಬೇಕು. ತಡವಾದರೆ ಎಳೆ ಗಟ್ಟಿಯಾಗಿ, ಮರುದಿನ ಆ ಕರದಂಟು ಹಲ್ಲಿಗೆ ಸವಾಲು. ನಾನು ಸೀಮೆಸುಣ್ಣ ಹಿಡಿದು ಹೆಂಗಸರ ಹಿಂದೆ ಹಿಂದೆ ನಡೆದೆ, ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆಂದು ನೆಲದ ಮೇಲೆ ಗೆರೆ ಎಳೆದೆ. ಸಂಜೆಗೆ ಅಂಗಳವೆಲ್ಲ ಶಾವಿಗೆ ಚೆಲ್ಲಿದಂತೆ ಕಂಡಿತು. ಕತ್ತರಿಸುವ ಮೇಜನ್ನು ಪಾಕದ ಒಲೆಯ ಬಾಜೂಕ್ಕೆ ತಂದೆವು. ದೊಡ್ಡ ಕಡಾಯಿ ಬಿಟ್ಟು ಚಿಕ್ಕ ಕಡಾಯಿ ಹಿಡಿದೆವು: ಬೇಕಾದಷ್ಟೇ ಹುರಿ, ಬೇಕಾದಷ್ಟೇ ಪಾಕ ಮಾಡು, ಆಗಿಂದಾಗಲೇ ತಟ್ಟು.

ಮಾಲಿಗೂ ಅದೇ ನಿಯಮ. ಹಿಂದೆ ಇದ್ದ ಗೋದಾಮಿನ ಮುದುಕರು ದಿನಾ ಟೆಂಪೋ ತುಂಬಿಸಿ ಕಳಿಸುತ್ತಿದ್ದರು, ಬೇಕೋ ಬೇಡವೋ. ಇಲ್ಲಿ ಗೋಡಂಬಿಗೆ ಹುಳು ಹಿಡಿಯುತ್ತಿತ್ತು, ಅಂಟಿಗೆ ತೇವ ತಗುಲಿ ತುಪ್ಪದಲ್ಲಿ ಅರಳದೆ ಹೋಗುತ್ತಿತ್ತು. ಅವರು ಕೆಲಸ ಬಿಟ್ಟು, ಕರಾವಳಿ ಕಡೆಯ ಒಬ್ಬರು ಆಗಷ್ಟೇ ಬಂದಿದ್ದರು. ಅವರಿಗೆ ನಾನೇ ಹೇಳಿದೆ: ಬೆಳಿಗ್ಗೆ ಭಟ್ಟಿಯಿಂದ ಫೋನ್ ಬರುತ್ತದೆ, ಅಲ್ಲಿ ಏನು ಹೆಚ್ಚಾಗಿ ಉಳಿದಿದೆಯೋ ಅದನ್ನು ಕಳಿಸಬೇಡಿ. ಎಕ್ಸ್‌ಟ್ರಾ ಸ್ಟಾಕ್ ಈಸ್ ವೇಸ್ಟ್. ಅಚ್ಚುಕಟ್ಟಾದ ಮನುಷ್ಯ, ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಅಂಟು ಕಡಿಮೆ ಬೀಳತೊಡಗಿತು. ಒಂದು ದಿನ ಬರುತ್ತದೆ, ಎರಡು ದಿನ ಬರುವುದಿಲ್ಲ. ಒಲೆಯ ಮೇಲೆ ಪಾಕ, ಕೈಯಲ್ಲಿ ಅಂಟಿಲ್ಲ. ಅಂಟಕ್ಕ ಯಾರನ್ನೋ ಬಜಾರಿಗೆ ಓಡಿಸಿ ಸಿಕ್ಕ ದರ್ಜೆಯ ಅಂಟು ತರಿಸುತ್ತಿದ್ದಳು. ಅಷ್ಟರಲ್ಲಿ ಪಾಕ ಕಲ್ಲಾಗಿರುತ್ತಿತ್ತು. ಟ್ರೇನರು ಫೋನಿನಲ್ಲಿ, "ಲೋವರ್ ದ ವಾಟರ್, ಯು ವಿಲ್ ಸೀ ದ ರಾಕ್ಸ್," ಎಂದರು; ಸ್ಟಾಕು ಇಳಿದರೆ ಅಡಗಿದ್ದ ದೋಷ ಕಾಣುತ್ತದಂತೆ. ಬೇಸಿಗೆಯಲ್ಲಿ ಘಟಪ್ರಭೆ ಇಳಿದಾಗ ಬಂಡೆಗಳು ಹೇಗೆ ಎದ್ದು ನಿಲ್ಲುತ್ತವೆಂದು ನಾನೂ ನೋಡಿದವಳೇ. ಆದರೆ ಈ ಬಂಡೆ ಎಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ.

ಟ್ರೇನರು ಕಾರ್ಡು ಮಾಡಿಸಿ ಎಂದರು. ಕೆಂಪು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಖಾಲಿ' ಎಂದು ಬರೆಸಿದೆ. ಡಬ್ಬಿ ಬರಿದಾದ ಕೂಡಲೇ ಅದಕ್ಕೆ ಕಾರ್ಡು ತೂಗುಹಾಕಬೇಕು. ಬೆಳಿಗ್ಗೆ ಕಾರ್ಡು ನೋಡಿ ಫೋನ್ ಮಾಡಬೇಕು. ಎಷ್ಟು ಸಿಂಪಲ್! ಎರಡನೇ ದಿನ ನೋಡುತ್ತೇನೆ, ಒಂದು ಕಾರ್ಡು ಗೋಡೆಗೆ ಮುಖ ಮಾಡಿದೆ, ಇನ್ನೊಂದು ಕಸಬರಿಗೆಯ ಹಿಂದೆ. ಶುಕ್ರವಾರ ಎಲ್ಲವೂ ಮಾಯ.

"ಅಂಟಕ್ಕ, ಕಾರ್ಡ್ ಎಲ್ಲಿ?"

"ಒಲಿಗೆ ಹಾಕಿಲ್ಲ, ಹೆದರಬ್ಯಾಡ್ರಿ. ಕಪಾಟಿನ್ಯಾಗ ಅದಾವ."

"ಯಾಕೆ ಹಾಕೋದಿಲ್ಲ?"

"ಅಂಥಾ ಅಕ್ಷರ ಡಬ್ಬಿಗೆ ಕಟ್ಟಬಾರದ್ರಿ ಬಾಯಾರ. ಉಣ್ಣೂ ಪದಾರ್ಥದ ಡಬ್ಬಿ. ಲಕ್ಷ್ಮಿ ಇರ್ತಾಳ."

ನಾನು ರಿಪೋರ್ಟಿನಲ್ಲಿ 'ರೆಸಿಸ್ಟೆನ್ಸ್ ಟು ಚೇಂಜ್' ಎಂದು ಬರೆದೆ. ಟ್ರೇನರಿಗೆ ಆ ಶಬ್ದ ಇಷ್ಟವಾಯಿತು.

ಅದೇ ವಾರ ಅಂಗಡಿಗಳಿಂದ ಗಟ್ಟಿ ಮಾಲು ವಾಪಸು ಬಂತು. ಅಣ್ಣಾ ಒಂದು ತುಂಡನ್ನು ಕೈಯಲ್ಲಿ ಹಿಡಿದೇ ಭಟ್ಟಿಗೆ ಬಂದರು. ದನಿ ಎತ್ತಿದವರಲ್ಲ ಅವರು. ಅಂಟಿನ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದರು. ಎಲ್ಲ ಬರಿದು.

"ಇಲ್ಲಿದ್ದ ಅಂಟು ಎಲ್ಲಿ ಹೋತು?"

"ಬಂದ್ರ ಇರ್ತೇತಲ್ರಿ ಅಣ್ಣಾರ. ನಿಮ್ಮ ಗೋದಾಮಿನಾಂವಗ ಕೇಳ್ರಿ. ಅಂವಗ ಭಾಳ ಸೊಕ್ಕು. ದಿನಾ ಫೋನ್ ಮಾಡ್ತೇನಿ, ಹೂಂ ಅಂತಾನ, ಕಳಸೂದಿಲ್ಲ."

"ಅಂವಗ ಕೇಳೇ ಬಂದೇನಿ. ಭಟ್ಟ್ಯಾಗ ಬೇಕಾದಷ್ಟು ಸ್ಟಾಕ್ ಐತಿ ಅಂತ ನೀನ ದಿನಾ ಫೋನಿನಾಗ ಹೇಳ್ತಿಯಂತ."

"ನಾನು? ಬೇಕಾದಷ್ಟು ಐತಿ ಅಂತ?" ಅಂಟಕ್ಕ ಸವಟು ಕೆಳಗಿಟ್ಟಳು. "ಹಂಗ ಅಂದಿದ್ರ ನನ್ನ ಬಾಯಾಗ ಹುಳಾ ಬೀಳ್ಲಿ."

"ಮತ್ತ ಅಂವಾ ಸುಳ್ಳ ಹೇಳ್ತಾನೇನು? ಮೊನ್ನೆ ಬಂದಾಂವ, ಅಂವಗೇನು ಲಾಭ? ಮಾಲು ಇಲ್ಲಿ ಐತಿ ಅಂತಿ, ಇಲ್ಲಿ ಇಲ್ಲ. ಬಜಾರದಿಂದ ಅಂಟು ತರಸ್ತಿ. ಯಾರದು ಅದು ಅಂಟು? ನಮ್ಮದ ತಿರಗಿ ನಮಗ ಬರಾಕತ್ತೈತೇನು?"

 ಅಂಟಕ್ಕನಿಗೆ ಮಾತಿನ ಅರ್ಥ ಇಳಿಯಲು ಒಂದು ಗಳಿಗೆ ಬೇಕಾಯಿತು.

"ಅಂಟು ಕದ್ದು ನಾ ಏನ್ ಮಾಡ್ಲೆಪಾ," ಎಂದಳು. "ಪೋಸ್ಟಿಗೆ ಹೋಗಿ ಲಕೋಟಿ ಅಂಟಸ್ಲೇನು?"

ಯಾರೂ ನಗಲಿಲ್ಲ. ಆಕೆಯೂ ನಗಲಿಲ್ಲ. ಅಣ್ಣಾ ನನ್ನ ಕಡೆ ತಿರುಗಿ, "ಸೋಮವಾರದಿಂದ ಇವರು ಬ್ಯಾಡ್ರಿ. ಭಟ್ಟಿಗೆ ಬ್ಯಾರೆ ಮಂದಿ ನೋಡ್ರಿ," ಎಂದು ಹೊರಟುಬಿಟ್ಟರು. ಅಂಟಕ್ಕ ಮತ್ತೆ ಸವಟು ಎತ್ತಿಕೊಂಡಳು.  ಕಾರ್ಖಾನೆಯಿಂದ ಹೋಗುವುದು ಒಂದು ಮಾತು. ಕಳ್ಳಿ ಎನಿಸಿಕೊಂಡು ತುಕ್ಕಾನಟ್ಟಿಯ ಬಸ್ಸು ಹತ್ತುವುದು ಬೇರೆಯೇ ಮಾತು. ಅದೇ ಬಸ್ಸಿನಲ್ಲಿ ಆಕೆಯ ಊರಿನ ಅರ್ಧ ಕೆಲಸಗಾರರು ಬರುತ್ತಿದ್ದರು.

ಸಂಜೆ ನಾನು ಅಣ್ಣಾನ ಬಳಿ ಹೋಗಿ, ಅಂಟು ಎಲ್ಲಿ ನಿಲ್ಲುತ್ತಿದೆ ಎಂದು ನೋಡಲು ಸೋಮವಾರದವರೆಗೆ ಸಮಯ ಕೊಡಿ ಎಂದೆ. ಅಂಟಕ್ಕ ಕದ್ದಿಲ್ಲ ಎಂದು ನನಗೆ ಖಾತ್ರಿ ಇತ್ತೇ? ಇರಲಿಲ್ಲ. ಕದ್ದಿದ್ದಾಳೆ ಎಂದೂ ಅನಿಸಿರಲಿಲ್ಲ. ಟ್ರೇನರು ಕಲಿಸಿದ್ದರಲ್ಲಿ ಒಂದು ಮಾತು ಮಾತ್ರ ತಲೆಯಲ್ಲಿತ್ತು: ಗೋ ಅಂಡ್ ಸೀ. ಅಂಗಳದ ಒಳಗೆ ಅಷ್ಟು ಗೆರೆ ಎಳೆದಿದ್ದೆ. ಆದರೆ ಭಟ್ಟಿಯಿಂದ ಹೊರಟ ಮಾತು ಹತ್ತರಗಿಯಲ್ಲಿ ಯಾರ ಕಿವಿಗೆ ಹೇಗೆ ಬೀಳುತ್ತದೆಂದು ಒಮ್ಮೆಯೂ ನಿಂತು ನೋಡಿರಲಿಲ್ಲ. ಆ ಫೋನು ಅಣ್ಣಾನ ಮುಂದಿನ ಕೋಣೆಯಲ್ಲಿ; ಅವರು ಬರುವ ಮೊದಲೇ ಅಂಟಕ್ಕ ಅಲ್ಲಿಂದ ಮಾತಾಡಿ ಮುಗಿಸುತ್ತಿದ್ದಳು. ಆ ಹೊತ್ತಿಗೆ ನಾನು ಯಾವಾಗಲೂ ಪ್ಯಾಕಿಂಗ್ ಶೆಡ್ಡಿನಲ್ಲಿ ಹಾಜರಿ ಹಾಕುತ್ತಿರುತ್ತಿದ್ದೆ.

ಮರುದಿನ ಟೆಂಪೋದಲ್ಲಿ ಡ್ರೈವರಿನ ಪಕ್ಕ ಕೂತು ಹೊರಟೆ. ಬೆಲ್ಲದ ಬಾಗೇವಾಡಿ, ಹುಕ್ಕೇರಿ ದಾಟಿ ಹತ್ತರಗಿ ಮುಟ್ಟಿದಾಗ ಗೋದಾಮಿನವರು ಮಾಲನ್ನು ಬಾಗಿಲ ಬಳಿ ಸಾಲಾಗಿ ಇಡಿಸಿದ್ದರು. ಉತ್ತತ್ತಿ, ಗೋಡಂಬಿ, ಕೊಬ್ಬರಿ, ಕೊನೆಗೆ ಒಂದು ಚೀಲ ಅಂಟು. ಅಂಟು ಇದೆ! ನನಗೆ ಕುರ್ಚಿ ಹಾಕಿ ಚಹಾ ತರಿಸಿದರು. "ಭಟ್ಟಿಯಿಂದ ಫೋನ್ ಬರ್ಲಿ ಮೇಡಂ, ಆಮೇಲೆ ಲೋಡ್ ಮಾಡುವ," ಎಂದರು.

ಫೋನು ಬಂತು. ಅಂಟಕ್ಕನ ಧ್ವನಿಗೆ ಫೋನಿನ ಅಗತ್ಯವೇ ಇರಲಿಲ್ಲ. ರಿಸೀವರಿನಿಂದ ಹೊರಗೆ ಚೆಲ್ಲುತ್ತಿತ್ತು, ಶಬ್ದಗಳು ಮಾತ್ರ ನನಗೆ ತಿಳಿಯಲಿಲ್ಲ. ಇವರು, "ಹೌದಾ? ಆಯ್ತು, ಆಯ್ತು," ಎಂದು ಇಟ್ಟರು. ಹಮಾಲನ ಕಡೆ ತಿರುಗಿ, "ಅಂಟಿನ ಚೀಲ ಒಳಗೆ ಇಡು," ಎಂದರು.

"ಯಾಕೆ ಒಳಗೆ?" ನಾನು ಎದ್ದೇ ಬಿಟ್ಟೆ.

"ಅಲ್ಲಿ ಹೆಚ್ಚಾಗಿದೆಯಂತೆ ಮೇಡಂ."

"ಹೆಚ್ಚಾಗಿದೆ? ಅವರೇ ಹಾಗೆ ಅಂದ್ರಾ?"

"ಅವರೇ. 'ಅಂಟು ಹೆಚ್ಚಾಗೇತ್ರಿ' ಅಂತ. ಮೊನ್ನೆ 'ಭಾಳ ಹೆಚ್ಚಾಗೇತಿ, ಪೂರಾ ಹೆಚ್ಚಾಗೇತಿ' ಅಂತ ಜೋರು ಮಾಡಿದ್ರು. ಇವತ್ತು ಸಿಟ್ಟಲ್ಲೇ ಇದ್ರು. ಅಷ್ಟು ಹೆಚ್ಚಾಗಿದ್ದರೆ ನಾನು ಮತ್ತೆ ಕಳಿಸುವುದು ಹೇಗೆ? ಹೆಚ್ಚಾದರೆ ಕಳಿಸ್ಬೇಡಿ ಅಂತ ನೀವೇ ಅಲ್ವಾ ಮಾರಾಯ್ರೆ ಹೇಳಿದ್ದು?"

 ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಮನೆಯ ಅಡಿಗೆಮನೆ. ಹಾಸ್ಟೆಲಿನಿಂದ ರಜೆಗೆ ಬಂದಿದ್ದೆ, ಎಂಟೋ ಒಂಬತ್ತೋ ವಯಸ್ಸು. ಉಪ್ಪಿನ ಭರಣಿ ನೋಡಿ, "ಮಮ್ಮೀ, ಸಾಲ್ಟ್ ಈಸ್ ಫಿನಿಶ್ಡ್," ಎಂದು ಕೂಗಿದ್ದೆ. ಅವ್ವ ಬಂದು ತೋಳು ಚಿವುಟಿದ್ದಳು. "ಮುಗೀತು ಅನಬಾರದು. ಹೆಚ್ಚಾಗೇತಿ ಅನ್ನು." ಉಪ್ಪು, ಎಣ್ಣೆ, ಕುಂಕುಮ, ಏನು ತೀರಿದರೂ ನಮ್ಮ ಕಡೆ ಹೆಚ್ಚಾಗುತ್ತದೆ. ಬಳೆ ಒಡೆದರೂ ಹೆಚ್ಚಿತು ಎನ್ನುತ್ತಾರೆ. ತೀರಿತು ಎಂದು ಬಾಯಿಬಿಟ್ಟರೆ ಅದು ಮನೆಯಿಂದ ಹೊರಟೇ ಹೋದೀತು ಎಂಬ ಭಯ. ಸಿಸ್ಟರುಗಳ ಜೊತೆ ಇಷ್ಟು ವರ್ಷ ಇದ್ದು, ಆ ಮಾತು ನನ್ನ ನಾಲಿಗೆಯಿಂದ ಬಿಟ್ಟುಹೋಗಿತ್ತು.

ಅವರಿಗೆ ಬಿಡಿಸಿ ಹೇಳಿದೆ. ಅವರು ಹಣೆ ಹಣೆ ಬಡಿದುಕೊಂಡರು. "ಅಯ್ಯೋ ದೇವ್ರೆ! ಹಾಗಾದ್ರೆ ನಿಜವಾಗಿ ಹೆಚ್ಚಾದ್ರೆ ಏನು ಹೇಳ್ತಾರೆ ಇಲ್ಲಿ?"

"ನಿಜವಾಗಿ ಹೆಚ್ಚಾದರೆ ಯಾರೂ ಹೇಳುವುದಿಲ್ಲ," ಎಂದೆ. "ಸುಮ್ಮನೆ ಮುಚ್ಚಿಡುತ್ತಾರೆ."

ಹಳೆಯ ಮುದುಕರಿಗೆ ಆ ಮಾತು ಗೊತ್ತಿತ್ತು. ಮೇಲಾಗಿ ಅವರು ಯಾರು ಏನಂದರೂ ತುಂಬಿಸಿ ಕಳಿಸುವವರು. ಹೊಸಬರು, ಹೊಸ ನಿಯಮ, ಹಳೆಯ ಮಾತು, ಮೂರೂ ಒಂದೇ ಫೋನಿನಲ್ಲಿ ಬಂದು ಸೇರಿದ್ದವು. ಯಾರೂ ಸುಳ್ಳು ಹೇಳಿರಲಿಲ್ಲ.

ಅಂಟಿನ ಚೀಲದ ಜೊತೆ ವಾಪಸು ಬಂದು ಮೊದಲು ಅಂಟಕ್ಕನಿಗೆ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡು ಆಕೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಪೂರಾ ಹೆಚ್ಚಾಗೇತಿ ಅಂದೆ, ಪಾಪ, ಅಂವಾ ಏನ್ ತಿಳ್ಕೊಂಡ್ನೋ, ಇಲ್ಲೆ ಅಂಟಿನ ಗುಡ್ಡ ಬಿದ್ದೈತಿ ಅಂತ!" ಆಮೇಲೆ ನಗು ಒಮ್ಮೆಲೇ ನಿಂತಿತು. "ಅಂದ್ರ, ಒಂದು ಮಾತಿನ ಸಂಬಂಧ ನಾ ಕಳ್ಳಿ ಆದ್ನಿ?"

ಅಣ್ಣಾನಿಗೆ ಹೇಳಿದಾಗ ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಸೋಮವಾರದ್ದು ಬಿಡ್ರಿ," ಎಂದರು. ಆಮೇಲೆ, "ಒಂದು ನೋಟೀಸು ಹಚ್ರಿ. ಇನ್ನ ಮ್ಯಾಲ ಫೋನಿನಾಗ ಖಾಲಿ ಅಂತನ ಹೇಳಬೇಕು, ಬ್ಯಾರೆ ಏನೂ ಹೇಳಬಾರದು." ಟ್ರೇನರೂ ಅದನ್ನೇ ಅಂದರು: ಸ್ಟ್ಯಾಂಡರ್ಡೈಸ್ ದ ವರ್ಡ್. ಸರಿಯೇ ಇತ್ತು. ನೋಟೀಸನ್ನು ಟೈಪ್ ಮಾಡಲು ಕೂತೆ, ಹಾಳೆಯನ್ನೂ ಏರಿಸಿದೆ. ಆದರೆ ಗೋಡೆಗೆ ಮುಖ ಮಾಡಿದ್ದ ಆ ಕೆಂಪು ಕಾರ್ಡುಗಳು ನೆನಪಾದವು. ನೋಟೀಸೂ ಅದೇ ಗೋಡೆಗೆ ಮುಖ ಮಾಡುತ್ತದೆ. ತೊಂದರೆ ಮಾತಿನದಾದರೆ, ಮಾತು ಬದಲಿಸುವುದಕ್ಕಿಂತ ಮಾತನ್ನೇ ಆ ದಾರಿಯಿಂದ ತೆಗೆದುಬಿಟ್ಟರೆ? ಹಾಳೆಯನ್ನು ಮಷಿನಿನಿಂದ ಎಳೆದು ಭಟ್ಟಿಗೆ ಹೋದೆ.

"ಅಂಟಕ್ಕ, ಫೋನೇ ಬೇಡ. ಪ್ರತಿ ಪದಾರ್ಥಕ್ಕೂ ಎರಡು ಡಬ್ಬಿ ಇಡೋಣ. ಒಂದು ಬರಿದಾದರೆ ಅದೇ ಡಬ್ಬಿ ಟೆಂಪೋದಲ್ಲಿ ಹತ್ತರಗಿಗೆ ಹೋಗುತ್ತದೆ, ತುಂಬಿಕೊಂಡು ಬರುತ್ತದೆ. ಅಲ್ಲಿಯತನಕ ಇನ್ನೊಂದರಲ್ಲಿ ಕೆಲಸ."

"ಬರಿ ಡಬ್ಬಿ ಹೊರಗ ಕಳಸ್ತಿರಿ?" ಆಕೆ ತಲೆ ಅಲ್ಲಾಡಿಸಿದಳು. "ಮಂದಿ ಮನಿ ಬಟ್ಟಲಾನೂ ನಾವು ಬರೇದು ತಿರಗಿ ಕೊಡೂದಿಲ್ಲ, ಒಂದು ಚಿಟಿಕಿ ಸಕ್ರಿ ಹಾಕಿ ಕೊಡ್ತೇವಿ."

"ಹಾಗಾದರೆ ಡಬ್ಬಿಯ ಒಳಗೆ ಒಂದು ಗೆರೆ ಹಾಕೋಣ. ಅಂಟು ಗೆರೆಯವರೆಗೆ ಇಳಿದ ಕೂಡಲೇ ಡಬ್ಬಿ ಹೊರಡಬೇಕು. ಬುಡದಲ್ಲಿ ಒಂದಿಷ್ಟು ಇದ್ದೇ ಇರುತ್ತದೆ."

ಆಕೆ ಯೋಚಿಸಿದಳು. "ಕೆಂಪು ಬಣ್ಣ ಬ್ಯಾಡ್ರಿ. ಹಸರು ಹಚ್ರಿ."

ಹಸಿರೇ ಹಚ್ಚಿದೆವು. ಮೊದಲ ದಿನವೇ ಡಬ್ಬಿ ಹೋದ ಹಾಗೇ ವಾಪಸು ಬಂತು. 'ಇದರಲ್ಲಿ ಇನ್ನೂ ಉಂಟಲ್ಲ' ಎಂದು ಗೋದಾಮಿನವರು ತುಂಬಿಸಿರಲಿಲ್ಲ. ಪುನಃ ಟೆಂಪೋ ಹತ್ತಿ ಹೋಗಿ ಗೆರೆ ತೋರಿಸಿ ಬಂದೆ. ಆಮೇಲೆ ತೇವ ಹಿಡಿಯದಂತೆ ಮುಚ್ಚಳಕ್ಕೆ ರಬ್ಬರು ಹಾಕಿಸಬೇಕಾಯಿತು, ಗೋಡಂಬಿಯ ಗೆರೆಯನ್ನು ಎರಡು ಸಲ ಮೇಲೆ ಕೆಳಗೆ ಮಾಡಬೇಕಾಯಿತು. ಆದರೆ ದೀಪಾವಳಿಗೆ ಮುಂಚೆ ಪಾಕ ಅಂಟಿಗಾಗಿ ಕಾಯುವುದು ನಿಂತಿತು. ಅಂಗಡಿಗಳಿಂದ ಮಾಲು ಮರಳಲಿಲ್ಲ. ಟ್ರೇನರು ಡಬ್ಬಿಯ ಫೋಟೋ ತೆಗೆದುಕೊಂಡು ಹೋದರು.

ಒಂದು ಕೆಲಸ ಉಳಿದಿತ್ತು. ಕಳವಿನ ಆ ಮಾತು ಅಂದಿದ್ದು ಎಲ್ಲರ ಮುಂದೆ, ಬಿಡಿಸುವುದೂ ಎಲ್ಲರ ಮುಂದೆ ಆಗಬೇಕು ಎಂದು ಅಣ್ಣಾನಿಗೆ ಹೇಳಿದೆ. ಅವರು ಬಂದರು. ಊಟದ ಹೊತ್ತು, ಹೆಂಗಸರು ಬುತ್ತಿ ಬಿಚ್ಚಿದ್ದರು. ಚಳಿ ಈ ಸಲ ಬೇಗ ಬಂತು ಎಂದರು ಅಣ್ಣಾ. ಬೆಲ್ಲ ಚೆನ್ನಾಗಿದೆ ಎಂದರು. ಕೊನೆಗೆ ಒಲೆಯ ಕಡೆ ನೋಡುತ್ತ, "ನಮ್ಮ ಅವ್ವಾನೂ ಹಂಗ ಅಂತಿದ್ಲು. ಹೆಚ್ಚಾಗೇತಿ ಅಂತ," ಎಂದರು.

ಅಂಟಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಗೊತ್ತಿತ್ತಲ್ರಿ ಅಣ್ಣಾರ," ಎಂದಳು ಮೆಲ್ಲಗೆ. "ಮತ್ತ ಅವತ್ತ ನನಗ ಒಂದು ಮಾತು ಕೇಳಬೇಕಿತ್ತಲ್ರಿ, ಫೋನಿನಾಗ ಏನಂತಿ ಅಂತ."

ಅಣ್ಣಾ ತಾಟಿನಿಂದ ಒಂದು ತುಂಡು ಕರದಂಟು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. "ಛಲೋ ಆಗೇತಿ," ಎಂದು ಹೋದರು. ಅವರ ಮಟ್ಟಿಗೆ ಅದು ಕ್ಷಮೆ. ಆಕೆಯ ಮಟ್ಟಿಗೆ ಅಲ್ಲ.

ಸೀಸನ್ ಮುಗಿಯುವವರೆಗೆ ಒಂದು ದಿನವೂ ತಪ್ಪಿಸದೆ ಬಂದಳು. ಆಮೇಲೆ ಬರಲಿಲ್ಲ. ತುಕ್ಕಾನಟ್ಟಿಯವರ ಕೈಯಲ್ಲಿ ಹೇಳಿಕಳಿಸಿದೆ. ತಿರುಗಿ ಬಂದ ಮಾತು: "ಡಬ್ಬಿ ತಾನ ಹೋಗತೈತಿ, ತಾನ ಬರತೈತಿ. ನನ್ನದೇನು ಕೆಲಸ ಐತಿ ಅಲ್ಲೆ?" ಭಟ್ಟಿಗೆ ಬೇರೆಯವರು ಬಂದರು, ಅವರೂ ಚೆನ್ನಾಗಿಯೇ ಹುರಿದರು. ನನ್ನ ನಕ್ಷೆಯಲ್ಲಿ ಕಾಯುವುದಕ್ಕೆ, ನಡೆಯುವುದಕ್ಕೆ, ಕೆಡುವುದಕ್ಕೆ ಒಂದೊಂದು ಚಿಹ್ನೆ ಇತ್ತು. ಅಣ್ಣಾ ಡಬ್ಬಿಗಳ ಮುಚ್ಚಳ ತೆಗೆದು ನೋಡಿದ ದಿನ ಒಲೆಯ ಮುಂದೆ ಆದದ್ದನ್ನು ಗುರುತಿಸಲು ಯಾವ ಚಿಹ್ನೆಯೂ ಇರಲಿಲ್ಲ.

ಕೆಲವು ವರ್ಷಗಳ ಮೇಲೆ, ಬೆಲ್ಲದ ವಿಚಾರಕ್ಕೆ ಹೋದವಳು ಮೂಡಲಗಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹಿಂದಿನಿಂದ ಆ ಗಟ್ಟಿ ಧ್ವನಿ. "ಏ ಬಾಯಾರ! ಬಿಳಿ ಆಗ್ಯಾವಲ್ರಿ ಕೂದಲು!" ಜೊತೆಯಲ್ಲಿ ಹೊಸ ಸೊಸೆ, ಮೈತುಂಬ ಸೆರಗು ಹೊದ್ದು ನಿಂತಿದ್ದಳು. ಅಂಟಕ್ಕ ನನ್ನ ಕೈ ಹಿಡಿದು ಆ ಹುಡುಗಿಗೆ ಹೇಳಿದಳು:

"ಇವರ ನೋಡು ನಮ್ಮ ಬಾಯಾರು. ನಾ ಕದ್ದಿಲ್ಲಂತ ತೋರ್ಸಾಕ ಹತ್ತರಗಿ ತನಕಾ ಹೋಗಿದ್ರು. ಕಾಲಿಗೆ ಬೀಳು."

ನಾನು ಹೋದದ್ದು ಅಂಟು ಎಲ್ಲಿ ನಿಲ್ಲುತ್ತದೆಂದು ನೋಡುವುದಕ್ಕೆ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಹುಡುಗಿ ಬಗ್ಗಿ ನನ್ನ ಪಾದ ಮುಟ್ಟಿಯಾಗಿತ್ತು. ತುಕ್ಕಾನಟ್ಟಿಯ ಬಸ್ಸು ಬಂತು. ಅಂಟಕ್ಕ ಸೊಸೆಯನ್ನು ಮುಂದೆ ಹತ್ತಿಸಿ, ಜನರನ್ನು ಮೊಣಕೈಯಿಂದ ಸರಿಸುತ್ತ ತಾನೂ ಹತ್ತಿದಳು. ಕಿಟಕಿಯ ಕಡೆ ಸೊಸೆಗೆ ಜಾಗ ಕೊಟ್ಟಿದ್ದಳೇನೋ, ಬಸ್ಸು ಹೊರಳಿದಾಗ ನನಗೆ ಕಂಡದ್ದು ಆ ಹುಡುಗಿಯ ಮುಖ, ಅದರ ಆಚೆ ಟಿಕೆಟ್ಟಿಗೆ ಎತ್ತಿದ ಅಂಟಕ್ಕನ ಕೈ.